ಸೊನ್ನೆ ಬಂದ ಅಕ್ಕನಿಗೆ ನನ್ನ ಗುರುವಾರದ ಕುರ್ಚಿ ಕೊಡಿ

ನೌಕರರ ಮನೋಕ್ಷೇಮ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಮೊದಲೇ ಹೇಳಿಬಿಡುತ್ತೇನೆ, ನಾನು ಹೊಟ್ಟೆಕಿಚ್ಚಿನ ಮನುಷ್ಯ. ಈ ಪತ್ರವನ್ನೂ ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ. ತಮ್ಮ ಕಚೇರಿಯು ನಮ್ಮ ಕಾರ್ಖಾನೆಯಲ್ಲಿ ಹನ್ನೆರಡು ಪ್ರಶ್ನೆಗಳ ಹಾಳೆಯೊಂದನ್ನು ಹಂಚಿ, ಎಲ್ಲರ ಖಿನ್ನತೆಯನ್ನು ಅಳೆದು, ಹೊಟ್ಟೆತುಂಬ ಉಂಡು ಗೊರಕೆ ಹೊಡೆಯುವ ನನಗೆ ಮೂವತ್ತಾರಕ್ಕೆ ಮೂವತ್ತನಾಲ್ಕು ಅಂಕ ದಯಪಾಲಿಸಿದೆ. ಮೂರು ತಿಂಗಳಿಂದ ಒಳಗೊಳಗೇ ಕುಸಿಯುತ್ತಿರುವ ನನ್ನ ಅಕ್ಕನಿಗೆ ಸೊನ್ನೆ ಕೊಟ್ಟಿದೆ. ಆದ್ದರಿಂದ ವಾರಕ್ಕೊಮ್ಮೆ ತಮ್ಮ ಆಪ್ತ ಸಮಾಲೋಚಕರ ಎದುರಿನ ಮೆತ್ತನೆಯ ಕುರ್ಚಿಯಲ್ಲಿ ನಾನು ಕೂರುತ್ತೇನೆ, ಅವಳು ಕೆಲಸದ ಮೇಜಿನ ಮುಂದೆ ನಿಂತಿರುತ್ತಾಳೆ. ಆ ಕುರ್ಚಿಯನ್ನು ಅವಳಿಗೆ ಕೊಡಿ ಎಂದು ಕೇಳಿದರೆ ನಿಯಮವಿಲ್ಲ ಅನ್ನುತ್ತೀರಿ. ನನ್ನ ದೂರು ಇಷ್ಟೇ. ಇನ್ನು ಮುಂದಿರುವುದೆಲ್ಲ ಅದರ ವಿವರ, ಸ್ವಲ್ಪ ಹೊಟ್ಟೆಯುರಿ, ಮತ್ತು ಒಂದು ತಪ್ಪೊಪ್ಪಿಗೆ.

ನಮ್ಮದು ತಕ್ಕಡಿಗಳನ್ನು ತಯಾರಿಸುವ ಕಾರ್ಖಾನೆ ಎಂಬುದು ತಮಗೆ ತಿಳಿದೇ ಇದೆ. ನಾನು ಪ್ಯಾಕಿಂಗ್ ವಿಭಾಗದಲ್ಲಿ ಡಬ್ಬಗಳಿಗೆ ಟೇಪು ಸುತ್ತುವ ಗಹನವಾದ ಹುದ್ದೆಯಲ್ಲಿದ್ದೇನೆ. ಅಕ್ಕ ತಪಾಸಣೆಯ ಮೇಜಿನವಳು. ತಯಾರಾದ ಪ್ರತಿ ತಕ್ಕಡಿಯ ಮೇಲೂ ಪ್ರಮಾಣಿತ ತೂಕದ ಕಲ್ಲುಗಳನ್ನಿಟ್ಟು, ಮುಳ್ಳು ಎಲ್ಲಿ ನಿಲ್ಲುತ್ತದೆಂದು ನೋಡಿ, ಫಾರಂ ತುಂಬಿ, ಮುದ್ರೆ ಒತ್ತುತ್ತಾಳೆ. ಆ ಫಾರಮ್ಮಿನಲ್ಲಿಯೂ ಹನ್ನೆರಡು ಸಾಲುಗಳಿವೆ. ಪ್ರತಿ ಸಾಲಿನ ಮುಂದೆ ದೋಷ ಎಷ್ಟು ಎಂದು ಬರೆಯಬೇಕು. ಎಲ್ಲ ಸಾಲಿನಲ್ಲೂ ಸೊನ್ನೆ ಬಂದರೆ ತಕ್ಕಡಿ ನನ್ನ ಡಬ್ಬಕ್ಕೆ ಬರುತ್ತದೆ. ಆರು ವರ್ಷಗಳಿಂದ, ದಿನಕ್ಕೆ ಎಂಬತ್ತು ತಕ್ಕಡಿಗಳ ಲೆಕ್ಕದಲ್ಲಿ, ಅವಳ ಕೈ ಸೊನ್ನೆ ಬರೆಯುತ್ತ ಬಂದಿದೆ.

ಅಂಥ ಕೈಗೆ ತಾವು ಏನು ಕೊಟ್ಟಿರಿ? ಹನ್ನೆರಡು ಸಾಲಿನ ಇನ್ನೊಂದು ಫಾರಂ! ಅದೇ ಅಗಲ, ಅದೇ ಬಿಳಿ ಕಾಗದ, ಅದೇ ಬಲಗಡೆಯ ಚೌಕಗಳು. ‘ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲವೆನಿಸಿದೆಯೆ? ಎಂದೂ ಇಲ್ಲವಾದರೆ ಸೊನ್ನೆ, ಯಾವಾಗಲೂ ಇದ್ದರೆ ಮೂರು.’ ಊಟದ ಬಿಡುವಿನ ನಂತರ ಉದ್ದನೆಯ ಮೇಜಿನ ಸುತ್ತ ನಮ್ಮೆಲ್ಲರನ್ನೂ ನಿಲ್ಲಿಸಿ ಬರೆಸಲಾಯಿತು. ಮೇಲೆ ಹೆಸರು ಕಡ್ಡಾಯ. ನಮ್ಮ ಮೇಲ್ವಿಚಾರಕರು, ನಾವು ಪ್ರೀತಿಯಿಂದ ‘ಗಂಟಲು’ ಎಂದು ಕರೆಯುವವರು (ಮಾತಿಗೆ ಮುಂಚೆ ನಾಲ್ಕು ಸಲ ಸರಿಮಾಡಿಕೊಳ್ಳುತ್ತಾರೆ), ಹಿಂದೆ ಮುಂದೆ ಓಡಾಡುತ್ತ ಎಲ್ಲರ ಹಾಳೆಯ ಮೇಲೂ ಕಣ್ಣು ಹಾಯಿಸಿದರು. “ಬೇಗ ಬೇಗ ಮುಗಿಸ್ರಪ್ಪಾ. ಇದೇನು ಪರೀಕ್ಷೆ ಅಲ್ಲ. ನಮ್ಮ ವಿಭಾಗದಿಂದ ಏನೂ ತಲೆನೋವು ಹೋಗಬಾರದು ಅಷ್ಟೇ,” ಎಂದರು. ಮನಸ್ಸು ಬಿಚ್ಚಿ ಮಾತಾಡಲು ಇದಕ್ಕಿಂತ ಆಪ್ತವಾದ ವಾತಾವರಣವನ್ನು ಯಾರು ತಾನೇ ಕಲ್ಪಿಸಿಕೊಟ್ಟಾರು?

ನನ್ನ ಎದುರಿಗೆ ನಿಂತಿದ್ದ ಅಕ್ಕ ಒಂದೂವರೆ ನಿಮಿಷದಲ್ಲಿ ಮುಗಿಸಿದಳು. ಹನ್ನೆರಡು ಸೊನ್ನೆ. ಒಂದಕ್ಕೊಂದು ಅಚ್ಚು ಹೊಯ್ದಂತೆ ದುಂಡಗೆ. ಎಲ್ಲರಿಗಿಂತ ಮೊದಲು!

ಇಲ್ಲಿ ನನ್ನ ಹೊಟ್ಟೆಕಿಚ್ಚಿನ ಸಂಕ್ಷಿಪ್ತ ಇತಿಹಾಸವನ್ನು ನಿವೇದಿಸಿಕೊಳ್ಳಬೇಕು. ನನಗಿಂತ ನಾಲ್ಕು ವರ್ಷ ದೊಡ್ಡವಳಾದದ್ದು ಅವಳ ಮೊದಲ ಅಪರಾಧ. ಶಾಲೆಯಲ್ಲಿ ಪ್ರತಿ ವರ್ಷ ಅವಳು ಮೊದಲು ಬರುತ್ತಿದ್ದಳು, ನಾಲ್ಕು ವರ್ಷದ ನಂತರ ಅದೇ ಮೇಷ್ಟ್ರು ನನ್ನನ್ನು ನೋಡಿ “ನೀನು ಅವಳ ಸ್ವಂತ ತಮ್ಮನೇನೋ?” ಎಂದು ವಿಚಾರಿಸುತ್ತಿದ್ದರು. ಅವಳ ಅಕ್ಷರ ಚೆನ್ನ. ಅವಳು ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಜಾಗ ಖಾಲಿ ಇರುತ್ತದೆ. ಮನೆಯಲ್ಲಿ ಏನೇ ಮುರಿದರೂ “ಅಕ್ಕ ಬರಲಿ” ಎನ್ನುತ್ತಾರೆ, ಯಾರು ಮುರಿದರು ಎಂಬ ಪ್ರಶ್ನೆ ಬಂದಾಗ ಮಾತ್ರ ನನ್ನ ಕಡೆ ತಿರುಗುತ್ತಾರೆ. ಭಾನುವಾರದ ಚೆಸ್ಸಿನಲ್ಲಿ, ಈಚಿನ ಕೆಲವು ವಾರಗಳನ್ನು ಬಿಟ್ಟರೆ, ಹನ್ನೊಂದು ವರ್ಷಗಳಲ್ಲಿ ನಾನು ಗೆದ್ದದ್ದು ಎರಡು ಸಲ, ಅದರಲ್ಲಿ ಒಂದು ಸಲ ಅವಳಿಗೆ ಜ್ವರವಿತ್ತು, ಇನ್ನೊಂದು ಸಲ ಅವಳ ಆನೆಯೊಂದು ನನ್ನ ಜೇಬಿನಲ್ಲಿತ್ತು.

ಹೀಗಿರುವಾಗ ಹನ್ನೆರಡು ಸೊನ್ನೆಗಳನ್ನು ಕಂಡು ನನ್ನ ಹೊಟ್ಟೆಯಲ್ಲಿ ಹಳೆಯ ಒಲೆ ಹೊತ್ತಿಕೊಂಡಿತು. ಮನಸ್ಸಿನ ಆರೋಗ್ಯದಲ್ಲೂ ಇವಳೇ ಮೊದಲಾಗಬೇಕೆ? ಹಾಗಾದರೆ ಕೊನೆಯಿಂದ ಮೊದಲನೆಯವನು ನಾನಾಗುತ್ತೇನೆ ಎಂದು ಸಂಕಲ್ಪ ಮಾಡಿದೆ. ಎಲ್ಲದಕ್ಕೂ ಮೂರು ಹಾಕಿದೆ. ಪೂರ್ತಿ ಅಂಕ ಬಂದರೆ ಅನುಮಾನ ಬಂದೀತೆಂದು ಊಟ ಮತ್ತು ನಿದ್ದೆಯ ಸಾಲುಗಳಲ್ಲಿ ಮಾತ್ರ ದೊಡ್ಡ ಮನಸ್ಸು ಮಾಡಿ ಎರಡಕ್ಕಿಳಿದೆ. ನಾಲ್ಕನೆಯ ಪ್ರಶ್ನೆಯನ್ನೇ ತಾವು ಹನ್ನೊಂದರಲ್ಲಿ ಬಟ್ಟೆ ಬದಲಿಸಿ ಮತ್ತೆ ಕೂರಿಸಿದ್ದೀರಲ್ಲ, ಸುಳ್ಳರನ್ನು ಹಿಡಿಯುವ ಬಲೆ, ಅದನ್ನೂ ಗಮನಿಸಿ ಎರಡಕ್ಕೂ ಒಂದೇ ಉತ್ತರ ಕೊಟ್ಟೆ. ಮಾನ್ಯರೇ, ಆ ಬಲೆಗೆ ಬೀಳುವವನು ಅರ್ಧ ಮನಸ್ಸಿನಿಂದ ನಿಜ ಹೇಳುವವನು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸುಳ್ಳು ಹೇಳುವವನು ಅದನ್ನು ದಾಟಿ ಹೋಗಿ ಆಚೆ ದಡದಲ್ಲಿ ನಿಂತು ಕೈ ಬೀಸುತ್ತಾನೆ.

ಹತ್ತು ದಿನಕ್ಕೆ ತಮ್ಮ ಪತ್ರ ಬಂತು. ‘ತೀವ್ರ’ ಎಂದಿತ್ತು. ಇಡೀ ಕಾರ್ಖಾನೆಯಲ್ಲಿ ಅತಿ ಹೆಚ್ಚು ಅಂಕ ಪಡೆದ ಆರು ಜನರಿಗೆ ಎಂಟು ವಾರ, ಪ್ರತಿ ಗುರುವಾರ ಮಧ್ಯಾಹ್ನ ಬಿಡುವು, ಸಮಾಲೋಚಕರೊಡನೆ ಒಂದು ಗಂಟೆ. ಆರು ಜನರಲ್ಲಿ ನಾನೇ ಮೊದಲನೆಯವನು. ಜೀವಮಾನದಲ್ಲಿ ನಾನು ಮೊದಲು ಬಂದ ಏಕೈಕ ಪರೀಕ್ಷೆ ಅದು. ಚೌಕಟ್ಟು ಹಾಕಿಸೋಣವೆನಿಸಿತು.

ಆಮೇಲಿನ ವೈಭೋಗವನ್ನು ಏನೆಂದು ಹೇಳಲಿ? ಗಂಟಲು ನನ್ನ ಹತ್ತಿರ ಬಂದು, ಸರಿಮಾಡಿಕೊಳ್ಳದೆಯೇ ಮೆಲ್ಲಗೆ “ಹೇಗಿದ್ದೀಯಪ್ಪಾ?” ಎಂದು ಕೇಳಿದರು. ಟೇಪಿನ ಯಂತ್ರದ ಪಕ್ಕ ನನಗೊಂದು ಸ್ಟೂಲು ಬಂತು. ಮನೆಯಲ್ಲಿ ಅಮ್ಮ ನನ್ನ ತಟ್ಟೆಗೆ ಎರಡೆರಡು ಸಲ ಬಡಿಸತೊಡಗಿದಳು. ಹತ್ತು ಗಂಟೆಯವರೆಗೆ ಮಲಗಿದ್ದರೂ “ಏಳಬೇಡ ಬಿಡು, ಪಾಪ” ಅಂದಳು. ಪಾಪ! ನನ್ನನ್ನು ಕುರಿತು ಆ ಶಬ್ದವನ್ನು ಆ ಬಾಯಿಂದ ಕೇಳಿ ನನ್ನ ಕಣ್ಣೇ ಒದ್ದೆಯಾಯಿತು. ಅಕ್ಕ ತನ್ನ ಒಳ್ಳೆಯ ದಿಂಬನ್ನು ತಂದು ನನ್ನ ಹಾಸಿಗೆಯ ಮೇಲಿಟ್ಟು ಹೋದಳು.

ಸಮಾಲೋಚಕರು ಒಳ್ಳೆಯವರು. ಅವರ ಮೇಲೆ ನನ್ನ ದೂರಿಲ್ಲ. ಬಾಗಿಲು ಮುಚ್ಚಿ, ಫೋನನ್ನು ಬೋರಲು ಹಾಕಿ, “ಅವಸರ ಏನಿಲ್ಲ, ಎಲ್ಲಿಂದ ಬೇಕಾದ್ರೂ ಶುರು ಮಾಡಿ” ಅಂದರು. ನಾನು ಜೋಕು ಹೇಳಿದೆ. ಅವರು ನಗಲಿಲ್ಲ, ಬರೆದುಕೊಂಡರು. ಮೇಜಿನ ಈಚೆಯಿಂದ ತಲೆಕೆಳಗಾಗಿ ಓದಿದೆ: ‘ನೋವನ್ನು ನಗುವಿನಲ್ಲಿ ಮುಚ್ಚಿಕೊಳ್ಳುತ್ತಾರೆ.’ ಇನ್ನೊಂದು ಜೋಕು ಹೇಳಿದೆ. ಅವರು ಅದರ ಕೆಳಗೆ ಗೆರೆ ಎಳೆದರು.

ಇಲ್ಲಿಯವರೆಗೆ ಇದು ತಮಾಷೆ. ಇನ್ನು ಮುಂದೆ ನನಗೂ ನಗು ಬಂದಿಲ್ಲ, ತಾವೂ ನಗುವ ಅಗತ್ಯವಿಲ್ಲ.

ಎರಡನೆಯ ಗುರುವಾರ ಮುಗಿದ ಮೇಲೆ ಬಂದ ಭಾನುವಾರ ಅಕ್ಕ ಚೆಸ್ಸಿನಲ್ಲಿ ಸೋತಳು. ಅದರ ಹಿಂದಿನ ಭಾನುವಾರವೂ ಸೋತಿದ್ದಳು, ಅದಕ್ಕೂ ಹಿಂದಿನ ಮೂರು ಭಾನುವಾರಗಳೂ. ಐದು ಗೆಲುವಿನ ಮದದಲ್ಲಿ ನಾನು ಕುರ್ಚಿಯ ಮೇಲೆ ನಿಂತು ಭಾಷಣಕ್ಕೆ ಸಿದ್ಧನಾದೆ. ಎದುರಿಗೆ ಅವಳು ನನ್ನ ಕುದುರೆಯನ್ನೇ ನೋಡುತ್ತಿದ್ದಳು. ನೋಡುತ್ತಿರಲಿಲ್ಲ, ಕಣ್ಣು ಆ ಕಡೆ ಇತ್ತು ಅಷ್ಟೇ. “ಲೇ, ಬೈಯೇ ನನ್ನ,” ಅಂದೆ. “ಚೆನ್ನಾಗಿ ಆಡಿದೆ ಕಣೋ,” ಅಂದಳು. ಹನ್ನೊಂದು ವರ್ಷದಲ್ಲಿ ಅವಳು ನನ್ನ ಆಟವನ್ನು ಹೊಗಳಿದ್ದೇ ಇಲ್ಲ. ಭಾಷಣ ಶುರುವಾಗಲೇ ಇಲ್ಲ.

ಆಗ ಲೆಕ್ಕ ಹಾಕಿದೆ. ಬಸ್ಸಿನಲ್ಲಿ ಕಿಟಕಿಯ ಜಾಗವನ್ನು ಎರಡು ತಿಂಗಳಿಂದ ನನಗೇ ಬಿಡುತ್ತಿದ್ದಾಳೆ. ಬೆಳಿಗ್ಗೆ ಬಚ್ಚಲಿನ ಕನ್ನಡಿಯ ಮುಂದೆ ಬಾಯಲ್ಲಿ ಬ್ರಷ್ಷಿಟ್ಟುಕೊಂಡು ಕಾಲು ಗಂಟೆ ನಿಲ್ಲುತ್ತಾಳೆ, ಕೈ ಆಡುವುದಿಲ್ಲ. ತಕ್ಕಡಿ ತಪಾಸಣೆ ಮಾಡುವಾಗ ಮೂಗಿನಲ್ಲೇ ಗುನುಗುತ್ತಿದ್ದ ರಾಗ ನಿಂತಿದೆ. ಇಪ್ಪತ್ತಮೂರು ವರ್ಷ ಅವಳ ಪ್ರತಿ ಉಸಿರನ್ನೂ ಅಸೂಯೆಯಿಂದ ಗಮನಿಸಿದವನು ನಾನು. ಅವಳಿಗೆ ಏನು ಸಿಕ್ಕಿತು, ಎಷ್ಟು ಸಿಕ್ಕಿತು, ನನಗೆಷ್ಟು ಕಡಿಮೆ ಬಿತ್ತು ಎಂದು ನನ್ನೊಳಗಿನ ತಕ್ಕಡಿ ಒಂದು ದಿನವೂ ತೂಗದೆ ಬಿಟ್ಟಿದ್ದಿಲ್ಲ. ಆ ಭಾನುವಾರ ನನ್ನೊಳಗೆ ಹುಡುಕಿ ನೋಡಿದರೆ ಅವಳ ಬಗ್ಗೆ ಹೊಟ್ಟೆಕಿಚ್ಚುಪಡಲು ಒಂದೇ ಒಂದು ಕಾರಣವೂ ಸಿಗಲಿಲ್ಲ. ತಮ್ಮ ಹಾಳೆ ಅವಳಿಗೆ ಸೊನ್ನೆ ಕೊಟ್ಟಾಗ ಎಲ್ಲ ಸರಿ ಇದೆ ಎಂದಿತು. ನನ್ನ ಮುಳ್ಳು ಸೊನ್ನೆಗೆ ಬಂದಾಗ ನನಗೆ ಹೆದರಿಕೆಯಾಯಿತು.

ಅವಳು ಕಾಯಿಗಳನ್ನು ಡಬ್ಬಕ್ಕೆ ತುಂಬುತ್ತ, ತಲೆ ಎತ್ತದೆ ಕೇಳಿದಳು: “ಅಲ್ಲಿ ಕುರ್ಚಿ ಹೇಗಿದೆ?”

“ಎಲ್ಲಿ?”

“ಅದೇ, ಗುರುವಾರ ಹೋಗ್ತೀಯಲ್ಲ.”

“ಮೆತ್ತಗಿದೆ. ಕೈಗೆ ಆಸರೆ ಇದೆ.”

“ಬಾಗಿಲು ಹಾಕ್ತಾರಾ?”

“ಹಾಕ್ತಾರೆ.”

“ಒಂದು ಗಂಟೆ ಪೂರ್ತಿ? ಮಧ್ಯ ಯಾರೂ ಕರೆಯಲ್ವಾ?”

“ಇಲ್ವೇ. ಯಾಕೆ?”

ಅವಳು ಡಬ್ಬದ ಮುಚ್ಚಳ ಒತ್ತಿದಳು. “ನಿನ್ನ ಮೇಲೆ ಹೊಟ್ಟೆಕಿಚ್ಚಾಗ್ತಿದೆ ಕಣೋ,” ಅಂದಳು.

ಮಾನ್ಯರೇ, ಈ ಮಾತನ್ನು ಕೇಳಲು ನಾನು ಹುಟ್ಟಿದಾಗಿನಿಂದ ಕಾದಿದ್ದೆ. ಕೇಳಿದ ದಿನ ಕುಣಿದಾಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಕುಣಿಯಲಿಲ್ಲ. ಕುರ್ಚಿಯಿಂದ ಇಳಿದು ಅವಳ ಪಕ್ಕದಲ್ಲಿ ಕೂತೆ.

ಅವಳು ಮುಂದೆ ಹೇಳಿದ್ದನ್ನು ತಾವು ದಯವಿಟ್ಟು ತಮ್ಮ ಹನ್ನೆರಡು ಪ್ರಶ್ನೆಗಳ ಪಕ್ಕದಲ್ಲಿಟ್ಟು ಓದಬೇಕು. ನಮ್ಮಲ್ಲಿ ಯಾವುದಾದರೂ ತಕ್ಕಡಿ ತಪ್ಪು ತೋರಿಸಿದರೆ ತಪಾಸಣೆಯವರು ಅದಕ್ಕೊಂದು ಕೆಂಪು ಚೀಟಿ ಕಟ್ಟುತ್ತಾರೆ. ಚೀಟಿ ಬಿದ್ದದ್ದನ್ನು ಮೆತ್ತೆ ಹಾಸಿದ ಕಪಾಟಿನಲ್ಲಿಡಬೇಕು. ಅದರ ಮೇಲೆ ಯಾರೂ ಏನನ್ನೂ ಇಡಬಾರದು. ಮೂರು ದಿನದೊಳಗೆ ದುರಸ್ತಿಯವರು ಬಂದು ಬಿಚ್ಚಿ ನೋಡಲೇಬೇಕು. ಚೀಟಿ ಕಟ್ಟಿದವರ ಹೊರತು ಬೇರೆ ಯಾರೂ, ಮ್ಯಾನೇಜರ್ ಕೂಡ, ಅದನ್ನು ತೆಗೆಯುವ ಹಾಗಿಲ್ಲ.

“ಆ ತಕ್ಕಡಿಗಳನ್ನ ನೋಡಿದ್ರೂ ಹೊಟ್ಟೆಕಿಚ್ಚಾಗುತ್ತೆ,” ಅಂದಳು ಅಕ್ಕ. “ಕೆಟ್ಟಿದೆ ಅಂತ ಬರೆದು ಕಟ್ಟಿದ್ರೆ ಸಾಕು, ಆಮೇಲೆ ಅದರ ಮೇಲೆ ಯಾರೂ ಏನೂ ಇಡಲ್ಲ ನೋಡು.”

“ಮತ್ತೆ ಹಾಳೇಲಿ ಯಾಕೆ ಎಲ್ಲಾದಕ್ಕೂ ಸೊನ್ನೆ ಬರೆದೆ?”

“ಕೈ ಬರೀತು. ನಾಲ್ಕನೇ ಸಾಲಿಗೆ ಬಂದಾಗ ಗೊತ್ತಾಯ್ತು ಇದು ತಕ್ಕಡಿದಲ್ಲ, ನಂದು ಅಂತ. ಅಷ್ಟೊತ್ತಿಗೆ ಗಂಟಲು ಪಕ್ಕಕ್ಕೆ ಬಂದು ನಿಂತಿದ್ರು. ಹೊಡೆದುಹಾಕಿ ಮೂರು ಅಂತ ಹೇಗೋ ಬರೀಲಿ? ತಪಾಸಣೆ ಮಾಡೋಳಿಗೇ ದೋಷ ಇದೆ ಅಂದ್ರೆ ನಾಳೆಯಿಂದ ನನ್ನ ಮುದ್ರೆನ ಯಾರು ನಂಬ್ತಾರೆ?”

ನೋಡಿ ಮಾನ್ಯರೇ, ಒಂದು ಹಾಳೆಯಲ್ಲಿ ಇಷ್ಟೆಲ್ಲ ಅಡಗಿತ್ತು. ಆರು ವರ್ಷದ ಅಭ್ಯಾಸ, ಪಕ್ಕದಲ್ಲಿ ನಿಂತವರ ಕಣ್ಣು, ಮೇಲೆ ಬರೆದ ಹೆಸರು, ಕೆಲಸದ ಮೇಲಿನ ಅಭಿಮಾನ. ಇವೆಲ್ಲವನ್ನೂ ಕೂಡಿಸಿ ತೆಗೆದ ಮೊತ್ತಕ್ಕೆ ತಾವು ‘ಮನಸ್ಸು’ ಎಂದು ಹೆಸರಿಟ್ಟಿರಿ.

ಮರುದಿನವೇ ತಮ್ಮ ಕಚೇರಿಯ ಕಿಟಕಿಗೆ ಓಡಿದೆ. ಅಲ್ಲಿ ಕೂರುವ ಮೇಡಂ ಕಂಪ್ಯೂಟರಿನಿಂದ ಕಣ್ಣು ಕೀಳದೆ ವಿಚಾರಿಸಿದರು. ನನ್ನ ಜಾಗ ಅಕ್ಕನಿಗೆ ಕೊಡಿ ಎಂದೆ. “ಅವರದು ಸೊನ್ನೆ ಇದೆ. ಸೊನ್ನೆಯವರಿಗೆ ಬರಲ್ಲ,” ಎಂದರು. ಮತ್ತೊಮ್ಮೆ ಹಾಳೆ ಕೊಡಿ, ಬರೆಯುತ್ತಾಳೆ ಎಂದೆ. “ಆರು ತಿಂಗಳಾದ ಮೇಲೆ.” ಹಾಗಾದರೆ ನನ್ನ ಹೆಸರನ್ನು ತೆಗೆಯಿರಿ, ನಾನು ಬರೆದದ್ದೆಲ್ಲ ಸುಳ್ಳು, ನನಗೇನೂ ಆಗಿಲ್ಲ ಎಂದೆ. ಆಗ ಅವರು ಮೊದಲ ಬಾರಿಗೆ ನನ್ನ ಮುಖ ನೋಡಿದರು. ಬಹಳ ಕನಿಕರದಿಂದ ನೋಡಿದರು. “ನನಗೇನೂ ಆಗಿಲ್ಲ ಅಂತ ಅನ್ಸೋದೂ ಇದರಲ್ಲಿ ಒಂದು ಲಕ್ಷಣ ಕಣಪ್ಪಾ. ಗುರುವಾರ ತಪ್ಪಿಸಬೇಡ,” ಎಂದು ಕಿಟಕಿ ಎಳೆದುಕೊಂಡರು.

ಇದಲ್ಲವೆ ನ್ಯಾಯ! ಆಗಿದೆ ಎಂದರೂ ಆಗಿದೆ, ಆಗಿಲ್ಲ ಎಂದರೂ ಆಗಿದೆ. ಆದರೆ ಅಕ್ಕನ ‘ಆಗಿಲ್ಲ’ವನ್ನು ಮಾತ್ರ ಶಿರಸಾವಹಿಸಿ ನಂಬಿದಿರಿ. ನನ್ನ ನಿಜಕ್ಕೆ ಸಿಕ್ಕ ಅನುಮಾನದಲ್ಲಿ ಕಾಲು ಭಾಗ ಅವಳ ಸುಳ್ಳಿಗೆ ಸಿಕ್ಕಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ಪಟ್ಟುಬಿಡದೆ ಮಾರನೆಯ ದಿನ ತಮ್ಮ ಕಚೇರಿಯ ಇನ್ನೊಬ್ಬ ಅಧಿಕಾರಿಯನ್ನು ಹಿಡಿದೆ. ಈ ಪ್ರಶ್ನಾವಳಿಯನ್ನು ಒಬ್ಬರಿಗೇ ಎರಡೆರಡು ಸಲ ಕೊಟ್ಟು ಪರೀಕ್ಷಿಸಲಾಗಿದೆ, ಉತ್ತರಗಳು ಬಹುಮಟ್ಟಿಗೆ ಒಂದೇ ಬರುತ್ತವೆ, ಆದ್ದರಿಂದ ಇದು ವಿಶ್ವಾಸಾರ್ಹ ಎಂದು ಅವರು ತಿಳಿವಳಿಕೆ ಕೊಟ್ಟರು. ತಕ್ಕಡಿ ಕಾರ್ಖಾನೆಯವನಿಗೆ ಈ ಮಾತೇ? ಒಂದು ಕಿಲೋ ಇಟ್ಟಾಗಲೆಲ್ಲ ತಪ್ಪದೆ ಒಂಬೈನೂರು ಗ್ರಾಂ ತೋರಿಸುವ ತಕ್ಕಡಿಗಳು ನಮ್ಮಲ್ಲಿ ವಾರಕ್ಕೆ ನಾಲ್ಕು ಬರುತ್ತವೆ. ಬೆಳಿಗ್ಗೆ ಒಂಬೈನೂರು, ಸಂಜೆ ಒಂಬೈನೂರು. ಎಂಥ ನಿಷ್ಠೆ! ಅಕ್ಕ ಅದನ್ನು ಮುದ್ರೆ ಒತ್ತಿ ಕಳಿಸುವುದಿಲ್ಲ, ಕೆಂಪು ಚೀಟಿ ಕಟ್ಟುತ್ತಾಳೆ. ಒಂದೇ ಉತ್ತರ ಮತ್ತೆ ಮತ್ತೆ ಬಂದ ಮಾತ್ರಕ್ಕೆ ಅದು ಸರಿಯಾದ ಉತ್ತರವಾಗುವುದಿಲ್ಲ. ಅಕ್ಕನಿಗೆ ಅದೇ ಮೇಜಿನ ಮುಂದೆ, ಅದೇ ಗಂಟಲಿನ ಪಕ್ಕದಲ್ಲಿ ನೂರು ಸಲ ಹಾಳೆ ಕೊಡಿ, ನೂರು ಸಲವೂ ಸೊನ್ನೆಯೇ ಬರುತ್ತದೆ. ಅಳೆದದ್ದೇನು ಎಂಬುದು ಬೇರೆಯೇ ಪ್ರಶ್ನೆ. ತಾವು ಅಳೆದದ್ದು ಅವಳ ದುಃಖವನ್ನೋ, ಅಥವಾ ಅದನ್ನು ಮುಚ್ಚಿಡುವ ಅವಳ ಶಕ್ತಿಯನ್ನೋ? ನನ್ನಲ್ಲಿ ಅಳೆದದ್ದು ಖಿನ್ನತೆಯನ್ನೋ, ಕಿಡಿಗೇಡಿತನವನ್ನೋ?

ಕುತೂಹಲಕ್ಕೆ ಹಾಳೆಯ ಒಂದು ಪ್ರತಿಯನ್ನು ಅಜ್ಜಿಗೂ ಓದಿ ಹೇಳಿದೆ. ನಿದ್ದೆ ಸರಿಯಾಗಿ ಬರುತ್ತಾ ಎಂದರೆ, “ಈ ವಯಸ್ಸಿಗೆ ನಿದ್ದೆ ಬಂದ್ರೆ ಎಬ್ಬಿಸಿ ನೋಡ್ತೀರಲ್ಲೋ, ಇದ್ದೀನೋ ಇಲ್ವೋ ಅಂತ,” ಎಂದಳು. ಸುಸ್ತು, ಊಟ, ನಿಧಾನ ನಡಿಗೆ ಎಲ್ಲದರಲ್ಲೂ ಮೂರು ಮೂರು ಗಳಿಸಿ ಹತ್ತೊಂಬತ್ತು ಅಂಕದೊಂದಿಗೆ ‘ಮಧ್ಯಮ’ ದರ್ಜೆಯಲ್ಲಿ ತೇರ್ಗಡೆಯಾದಳು. ಆಮೇಲೆ ಪಕ್ಕದ ಮನೆಯವರೊಂದಿಗೆ ಜಗಳವಾಡಿ ಗೆದ್ದು, ಹಾಡಿಕೊಳ್ಳುತ್ತ ಒಳಗೆ ಬಂದಳು.

ಹಾಗೆಂದು ತಮ್ಮ ಹಾಳೆಯನ್ನು ಸುಟ್ಟುಹಾಕಿ ಎನ್ನುತ್ತಿಲ್ಲ. ನನ್ನ ಜೊತೆ ಆಯ್ಕೆಯಾದ ಐವರಲ್ಲಿ ಇಬ್ಬರನ್ನು ಕಾಯುವ ಕೋಣೆಯಲ್ಲಿ ಮಾತಾಡಿಸಿದ್ದೇನೆ. ಅವರು ನಿಜವನ್ನೇ ಬರೆದಿದ್ದಾರೆ. ಬಾಯಲ್ಲಿ ಹೇಳಲಾಗದ್ದನ್ನು ಚೌಕದಲ್ಲಿ ಗುರುತು ಮಾಡಿದ್ದಕ್ಕೆ ಅವರಿಗೊಂದು ಬಾಗಿಲು ತೆರೆದಿದೆ. ಒಬ್ಬರು “ಕೇಳಿದ್ರಲ್ಲಪ್ಪಾ, ಕೊನೆಗೂ ಯಾರೋ ಕೇಳಿದ್ರು,” ಎಂದು ಕಣ್ಣೊರೆಸಿಕೊಂಡರು. ಕೇಳಿದ್ದು ತಪ್ಪಲ್ಲ ಮಾನ್ಯರೇ. ಕೇಳಿದ ಮೇಲೆ ಮುಖ ನೋಡದೆ ಮೊತ್ತವನ್ನಷ್ಟೇ ನೋಡಿದ್ದು ತಪ್ಪು. ಹಾಳೆ ಬಾಗಿಲು ತಟ್ಟುವುದಕ್ಕೆ ಸಾಕು. ಒಳಗೆ ಯಾರಿದ್ದಾರೆ, ಹೇಗಿದ್ದಾರೆ ಎಂದು ನೋಡಲು ಮನುಷ್ಯರೇ ಹೋಗಬೇಕು.

ನನ್ನ ತಪ್ಪೊಪ್ಪಿಗೆಯೂ ಇಲ್ಲೇ ಇರಲಿ. ಆರು ಕುರ್ಚಿಗಳಲ್ಲಿ ಒಂದನ್ನು ನಾನು ಹೊಟ್ಟೆಕಿಚ್ಚಿನಿಂದ ಕದ್ದೆ. ಏಳನೆಯ ಸ್ಥಾನದಲ್ಲಿ ಯಾರಿದ್ದರೋ, ಅವರು ಯಾವ ಕನ್ನಡಿಯ ಮುಂದೆ ಬ್ರಷ್ಷು ಹಿಡಿದು ನಿಂತಿದ್ದಾರೋ ನನಗೆ ಗೊತ್ತಿಲ್ಲ. ಈ ಒಂದು ವಿಷಯದಲ್ಲಿ ತಮಾಷೆ ಮಾಡಲು ಹೊರಟು ಮೂರು ಸಲ ಹೊಡೆದುಹಾಕಿದ್ದೇನೆ. ಅವರನ್ನು ಹುಡುಕಿ ಏಳನೆಯ ಕುರ್ಚಿಯೊಂದನ್ನು ಹಾಕಿಸಿ. ನನ್ನ ಸ್ಟೂಲನ್ನು ಬೇಕಾದರೆ ಒಯ್ಯಿರಿ.

ನನ್ನ ಬೇಡಿಕೆಗಳನ್ನು ಮಂಡಿಸುತ್ತೇನೆ. ಮುಂದೆ ಹಾಳೆ ಹಂಚುವಾಗ ಮೇಲ್ವಿಚಾರಕರನ್ನು ಚಹಾ ಕುಡಿಯಲು ಕಳಿಸಿ, ಬರೆದದ್ದನ್ನು ಮುಚ್ಚಿದ ಲಕೋಟೆಯಲ್ಲಿ ನಿಮ್ಮವರೇ ತೆಗೆದುಕೊಳ್ಳಲಿ. ಸೊನ್ನೆ ಬಂದವರನ್ನೂ ಒಮ್ಮೆ ಕೂರಿಸಿ ಮಾತಾಡಿಸಿ, ಅದರಲ್ಲೂ ಒಂದೂವರೆ ನಿಮಿಷದಲ್ಲಿ ಬರೆದವರನ್ನು. ಹದಿಮೂರನೆಯ ಪ್ರಶ್ನೆಯಾಗಿ ಇದನ್ನು ಸೇರಿಸಿ: ‘ಕಳೆದ ಎರಡು ವಾರಗಳಲ್ಲಿ ನಿಮಗೆ ಯಾರ ಮೇಲೆ ಹೊಟ್ಟೆಕಿಚ್ಚಾಯಿತು?’ ದುಃಖ ಇದೆಯೇ ಎಂದರೆ ಇಲ್ಲ ಎನ್ನುವವರು ಇದಕ್ಕೆ ನಿಜ ಹೇಳಿಯಾರು. ಕೆಟ್ಟುಹೋದ ತಕ್ಕಡಿಯ ಮೇಲೆ ಎಂದು ಯಾರಾದರೂ ಬರೆದರೆ ಅಂಕ ಕೂಡಿಸುತ್ತ ಕೂರಬೇಡಿ, ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತುಕೊಳ್ಳಿ.

ಎಲ್ಲಕ್ಕಿಂತ ಮೊದಲು, ಈ ಗುರುವಾರ ಮೂರು ಗಂಟೆಗೆ ನನ್ನ ಕುರ್ಚಿಯಲ್ಲಿ ಅಕ್ಕ ಕೂರಬೇಕು. ರೋಗಿಯ ಜೊತೆಗೆ ಬಂದವರು ಹೊರಗಿನ ಬೆಂಚಿನಲ್ಲಿ ಕಾಯಬೇಕೆಂದು ತಮ್ಮ ಗೋಡೆಯ ಮೇಲೆ ಬರೆದಿದೆ. ಜೊತೆಗೆ ಬಂದವನಾಗಿ ನಾನು ಕಾಯುತ್ತೇನೆ. ಒಳಗೆ ಅವಳು ಏನು ಹೇಳುತ್ತಾಳೋ ನನಗೆ ಕೇಳಿಸುವುದಿಲ್ಲ. ಒಂದು ಗಂಟೆ ಹೊಟ್ಟೆ ಉರಿಯುತ್ತದೆ. ಉರಿಯಲಿ. ನನಗೆ ಅದು ಅಭ್ಯಾಸ, ಮತ್ತು ಅದನ್ನು ಕಳೆದುಕೊಂಡಾಗ ಏನಾಗುತ್ತದೆಂದು ನೋಡಿಬಿಟ್ಟಿದ್ದೇನೆ.

ಈ ಪತ್ರವನ್ನು ಕಾರ್ಖಾನೆಯ ಸೂಚನಾ ಫಲಕದಲ್ಲಿ ಎಲ್ಲರೂ ಓದುವ ಹಾಗೆ ಹಾಕುವ ಮೊದಲು ಅಕ್ಕನಿಗೆ ತೋರಿಸಿದೆ. ಎರಡು ಸಾಲು ಹೊಡೆದುಹಾಕಿದಳು, ಐದು ಕಡೆ ಕಾಗುಣಿತ ತಿದ್ದಿದಳು. “ಎಲ್ಲರಿಗೂ ಗೊತ್ತಾಗುತ್ತಲ್ಲೇ, ಗಂಟಲಿಗೂ,” ಅಂದೆ. ಪತ್ರವನ್ನು ಮೊದಲಿನಿಂದ ಇನ್ನೊಮ್ಮೆ ಓದಿದಳು. ಆಮೇಲೆ, “ಚೀಟಿ ಅಂದಮೇಲೆ ಕಾಣೋ ಹಾಗೆ ಕಟ್ಟಬೇಕು. ಕಪಾಟಿನ ಹಿಂದೆ ಬಚ್ಚಿಟ್ರೆ ಅದು ಚೀಟಿನೇ ಅಲ್ಲ,” ಎಂದು ತನ್ನ ಚೀಲದಿಂದ ಒಂದು ಕೆಂಪು ಚೀಟಿ ತೆಗೆದು ಬರೆದುಕೊಟ್ಟಳು. ಪತ್ರಕ್ಕೆ ಅದನ್ನು ದಾರದಿಂದ ಕಟ್ಟಿದ್ದೇನೆ. ಅದರಲ್ಲಿ ಮೂರು ಸಾಲುಗಳಿವೆ.

ವಸ್ತು: ನಾನು.
ದೋಷ: ಗೊತ್ತಿಲ್ಲ, ಬಿಚ್ಚಿ ನೋಡಬೇಕು.
ಮೊದಲು ಕಂಡವರು: ತಮ್ಮ.

ಇವತ್ತು ಸೋಮವಾರ. ನಿಯಮದ ಪ್ರಕಾರ ತಮಗೆ ಮೂರು ದಿನ ಸಮಯವಿದೆ.

ಇಂತಿ,
ಅಕ್ಕನ ಕೈಬರಹದಲ್ಲಿ ಮೊದಲ ಬಾರಿಗೆ ಒಂದು ಪ್ರಶಂಸೆ ಪಡೆದ,
ತಮ್ಮ ಮೂವತ್ತನಾಲ್ಕು ಅಂಕಗಳನ್ನು ಈ ಮೂಲಕ ಹಿಂತಿರುಗಿಸುತ್ತಿರುವ,
ಹೊರಗಿನ ಬೆಂಚಿನವನು